ದುಬಾರಿ ಆಟೋಮ್ಯಾಟಿಕ್ ಎಸ್ಪ್ರೆಸೊ ಮೆಷಿನ್: ಮನೆಗೆ ತರುವ ಮುಂಚೆ ಪರೀಕ್ಷೆ ಮಾಡುವುದು ಹೇಗೆ

ಈ ಮೆಷಿನ್‌ಗಳನ್ನು ನೋಡಲು ಹೋದರೆ ಕಣ್ಣು ಮೊದಲು ಬೀಳುವುದು ಸ್ಕ್ರೀನ್ ಮೇಲೆ. ಬಣ್ಣಬಣ್ಣದ ಕಪ್‌ಗಳ ಚಿತ್ರ, ಪಕ್ಕದಲ್ಲಿ 18 ಬಗೆ, 24 ಬಗೆ, 30 ಬಗೆ ಪಾನೀಯ ಅಂತ ಬರಹ. ಅದನ್ನು ಅಲ್ಲೇ ಬಿಟ್ಟು ಮುಂದೆ ಬನ್ನಿ. ಆ ಮೂವತ್ತೂ ಪಾನೀಯ ಆಗುವುದು ಎಸ್ಪ್ರೆಸೊ (ಸಣ್ಣ ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸಿದ ಗಟ್ಟಿ ಕಾಫಿ), ಬಿಸಿ ನೀರು, ಹಾಲು ಇಷ್ಟರಿಂದಲೇ. ಯಾವುದು ಮೊದಲು, ಯಾವುದು ಎಷ್ಟು ಅನ್ನುವುದಷ್ಟೇ ವ್ಯತ್ಯಾಸ. ಎಸ್ಪ್ರೆಸೊ ಸಪ್ಪೆ ಇದ್ದರೆ ಮೂವತ್ತೂ ಸಪ್ಪೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಮೆಷಿನ್ ಅಳೆಯಬೇಕಾದ್ದು ಎರಡು ಜಾಗದಲ್ಲಿ. ಹಾಲು, ಸಕ್ಕರೆ ಏನೂ ಹಾಕದ ಒಂದು ಸಣ್ಣ ಕಪ್ ಎಸ್ಪ್ರೆಸೊದಲ್ಲಿ ಒಮ್ಮೆ, ಕುಡಿದಾದ ಮೇಲೆ ಸಿಂಕಿನ ಹತ್ತಿರ ಇನ್ನೊಮ್ಮೆ. ಸಿಂಕಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಆರು ತಿಂಗಳಾದ ಮೇಲೆ ಮೆಷಿನ್ ಬಳಕೆಯಲ್ಲಿ ಇರುತ್ತದಾ, ಬಟ್ಟೆ ಮುಚ್ಚಿ ಮೂಲೆಯಲ್ಲಿ ಇರುತ್ತದಾ ಅನ್ನುವುದು ಬಹುತೇಕ ಅಲ್ಲೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ನಿಮಗೆ ಬೇಕಾದ್ದು ಇದೇನಾ ನೋಡಿಕೊಳ್ಳಿ

ಇಲ್ಲಿ ಆಟೋಮ್ಯಾಟಿಕ್ ಅಂದರೆ ಬೀಜ ಪುಡಿ ಮಾಡುವುದರಿಂದ ಚರಟ ಬೀಳಿಸುವವರೆಗೆ ಎಲ್ಲವನ್ನೂ ತಾನೇ ಮಾಡುವ ಮೆಷಿನ್. ಹಿಡಿಕೆ ಇರುವ ಪೋರ್ಟಾಫಿಲ್ಟರ್‌ಗೆ ನಾವೇ ಪುಡಿ ತುಂಬಿ, ಒತ್ತಿ, ಸಿಕ್ಕಿಸುವ ಮೆಷಿನ್ ಬೇರೆ ಜಾತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಕೈಯಲ್ಲಿ ಮಾಡುವ ಡಬಲ್ ಶಾಟ್‌ಗೆ, ಅಂದರೆ ಎರಡು ಪಾಲಿನ ಎಸ್ಪ್ರೆಸೊಗೆ, ಸಾಮಾನ್ಯವಾಗಿ 16ರಿಂದ 20 ಗ್ರಾಂ ಪುಡಿ ಹೋಗುತ್ತದೆ. 18 ಗ್ರಾಂ ಹಾಕಿ 25-30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸುವುದು ಬಹಳ ಜನ ಬಳಸುವ ಲೆಕ್ಕ. ಆಟೋಮ್ಯಾಟಿಕ್ ಮೆಷಿನ್‌ಗಳಲ್ಲಿ ಪುಡಿ ಒತ್ತುವ ಕೋಣೆಯೇ ಚಿಕ್ಕದು. ಹೆಚ್ಚಿನವು 7ರಿಂದ 14 ಗ್ರಾಂ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ಕೆಲವು 16ರ ತನಕ ಹೋಗುತ್ತವೆ. ಪುಡಿ ಕಡಿಮೆ ಅಂದಮೇಲೆ ಕಾಫಿಯ ಗಟ್ಟಿತನ ಸ್ವಲ್ಪ ಕಡಿಮೆಯೇ. ಒಳ್ಳೆಯ ಕೆಫೆಯಲ್ಲಿ ಕುಡಿದ ಶಾಟ್ ಯಥಾವತ್ತಾಗಿ ಮನೆಯಲ್ಲೂ ಬರಬೇಕು ಅನ್ನುವ ಆಸೆ ಇದ್ದರೆ ಅದೇ ದುಡ್ಡಿಗೆ ಒಂದು ಒಳ್ಳೆಯ ಗ್ರೈಂಡರ್ ಮತ್ತು ಕೈ ಮೆಷಿನ್ ತನ್ನಿ, ಕಲಿಯಿರಿ. ಬೆಳಿಗ್ಗೆ ಅರೆಗಣ್ಣಿನಲ್ಲಿ ಬಟನ್ ಒತ್ತಿದರೆ ಪ್ರತಿದಿನವೂ ಒಂದೇ ಥರದ ಕಾಫಿ ಬರಬೇಕು, ಮನೆಯಲ್ಲಿ ನಾಲ್ಕು ಜನ ನಾಲ್ಕು ಹೊತ್ತಿಗೆ ಕುಡಿಯುತ್ತಾರೆ, ಯಾರಿಗೂ ತಾಳ್ಮೆ ಇಲ್ಲ ಅನ್ನುವ ಹಾಗಿದ್ದರೆ ಮಾತ್ರ ಮುಂದೆ ಓದಿ.

ಈಗ ಒಂದು ಚೀಟಿಯಲ್ಲಿ ಮನೆಯವರು ನಿಜವಾಗಿ ಏನು ಕುಡಿಯುತ್ತಾರೆ ಅಂತ ಬರೆಯಿರಿ. ಎಲ್ಲರೂ ಹಾಲು ಹಾಕಿದ್ದನ್ನೇ ಕುಡಿಯುವವರಾದರೆ ಹಾಲಿನ ವ್ಯವಸ್ಥೆಗೆ ಜಾಸ್ತಿ ಗಮನ. ಹಾಲನ್ನೇ ಮುಟ್ಟದ ಮನೆಯಾದರೆ ಹಾಲಿನ ಜಗ್ ಇಲ್ಲದ ಮಾದರಿ ಸಾಕು. ಸುಮ್ನೆ ತೊಳೆಯುವ ಸಾಮಾನು ಯಾಕೆ ಹೆಚ್ಚಿಸಿಕೊಳ್ಳಬೇಕು?

ಹೆಜ್ಜೆ 2: ಜಾಗ, ಕರೆಂಟು, ನೀರು

ಜಾಗದ ಅಳತೆಯಲ್ಲಿ ಅಗಲ, ಎತ್ತರ ಮಾತ್ರ ನೋಡಿದರೆ ಸಾಲದು. ಬೀಜ ಹಾಕುವ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಕೆಲವು ಮಾದರಿಯಲ್ಲಿ ನೀರಿನ ಟ್ಯಾಂಕನ್ನೂ ಮೇಲಕ್ಕೇ ಎತ್ತಬೇಕು. ಮೇಲೆ ಶೆಲ್ಫ್ ಇದ್ದರೆ ಪ್ರತಿ ಸಲ ಮೆಷಿನ್ ಎಳೆದು ತಳ್ಳುವ ಕೆಲಸ. ಬ್ರೂ ಯೂನಿಟ್, ಅಂದರೆ ಒಳಗೆ ಪುಡಿಯನ್ನು ಒತ್ತಿ ನೀರು ಹಾಯಿಸುವ ಭಾಗ, ಪಕ್ಕದ ಬಾಗಿಲಿನಿಂದ ಹೊರಬರುವ ಮಾದರಿಯಾದರೆ ಆ ಪಕ್ಕದಲ್ಲಿ ಕೈ ಆಡುವಷ್ಟು ಜಾಗ ಬೇಕು. ಮೂಲೆಗೆ ಒತ್ತಿ ಇಟ್ಟರೆ ಅದನ್ನು ಯಾರೂ ತೆಗೆದು ತೊಳೆಯುವುದಿಲ್ಲ. ಈ ಮೆಷಿನ್‌ಗಳು ಸಾಮಾನ್ಯವಾಗಿ 1,500 ವ್ಯಾಟ್ ಹತ್ತಿರ ಎಳೆಯುತ್ತವೆ, ಆದ್ದರಿಂದ ಅರ್ಥಿಂಗ್ ಇರುವ ಗೋಡೆಯ ಪ್ಲಗ್ಗೇ ಇರಲಿ, ತೆಳು ಎಕ್ಸ್‌ಟೆನ್ಷನ್ ವೈರ್ ಬೇಡ.

ನೀರಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇಂಥ ಮೆಷಿನ್ ಹಾಳಾಗುವುದಕ್ಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಬಿಳಿ ಪದರವಾಗಿ ಕೊಳವೆಗಳಲ್ಲಿ ಅಂಟಿಕೊಳ್ಳುತ್ತದೆ. ಮೊದಲು ಬಿಸಿ ಕಡಿಮೆಯಾಗುತ್ತದೆ, ಆಮೇಲೆ ನೀರು ಹರಿಯುವುದು ನಿಧಾನ, ಕೊನೆಗೆ ವಾಲ್ವ್ ಕಟ್ಟಿಕೊಳ್ಳುತ್ತದೆ. ಕಾಫಿಗೆ ಗಡಸುತನ ಲೀಟರಿಗೆ 50ರಿಂದ 175 ಮಿಲಿಗ್ರಾಂ ನಡುವೆ ಇರಲಿ ಅಂತ ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಹೇಳುತ್ತದೆ. ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಮ್ಯಾನುಯಲ್‌ನಲ್ಲಿ ಜರ್ಮನ್ ಡಿಗ್ರಿ ಅಂತ ಕೊಟ್ಟಿದ್ದರೆ ಹೆದರಬೇಡಿ, ಒಂದು ಡಿಗ್ರಿ ಅಂದರೆ ಸುಮಾರು 17.8 ಮಿಲಿಗ್ರಾಂ. ನೀರಿನಲ್ಲಿ ಅದ್ದುವ ಕಾಗದದ ಪಟ್ಟಿ ಎಷ್ಟೋ ಮೆಷಿನ್‌ಗಳ ಡಬ್ಬದಲ್ಲೇ ಬರುತ್ತದೆ. ಮೆಷಿನ್ ಕೊಳ್ಳುವ ಮೊದಲೇ ಒಂದು ಪಟ್ಟಿ ಬೇರೆ ತಂದು ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೆಯದು.

ಹಾಗಂತ ಪೂರ್ತಿ ಖನಿಜ ತೆಗೆದ ಆರ್‌ಓ ನೀರು ಹಾಕಿದರೆ ಸಮಸ್ಯೆ ಮುಗಿಯಿತು ಅಂತಲ್ಲ. ಕಾಫಿಯ ರುಚಿಯನ್ನು ಪುಡಿಯಿಂದ ಹೊರಗೆ ಎಳೆಯುವುದಕ್ಕೆ ನೀರಿನಲ್ಲಿ ಒಂದಿಷ್ಟು ಖನಿಜ ಇರಲೇಬೇಕು, ಇಲ್ಲದಿದ್ದರೆ ಕಾಫಿ ಚಪ್ಪೆ. ನೀರಿನ ಮಟ್ಟವನ್ನು ವಿದ್ಯುತ್ ಹರಿವಿನಿಂದ ಕಂಡುಹಿಡಿಯುವ ಸೆನ್ಸರ್ ಇದ್ದರೆ ಖನಿಜವೇ ಇಲ್ಲದ ನೀರು ಅದರ ಕಣ್ಣಿಗೆ ಕಾಣದೆಯೂ ಹೋಗಬಹುದು. ಗಡಸು ನೀರು, ಆರ್‌ಓ ನೀರು ಎರಡನ್ನೂ ಬೆರೆಸಿ, ಪಟ್ಟಿಯಲ್ಲಿ ನೋಡಿಕೊಂಡು ಹಾಕುವುದು ಸುಲಭದ ದಾರಿ. ಟ್ಯಾಂಕಿನೊಳಗೆ ಹಾಕುವ ಫಿಲ್ಟರ್ ಕೂಡ ಗಡಸುತನ ಇಳಿಸುತ್ತದೆ, ಆದರೆ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬದಲಿಸಬೇಕು. ಆ ಖರ್ಚನ್ನು ಮೆಷಿನ್ ಬೆಲೆಯ ಜೊತೆಗೇ ಕೂಡಿಸಿ.

ಹೆಜ್ಜೆ 3: ವಿವರಪಟ್ಟಿಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು

15 ಬಾರ್, 19 ಬಾರ್ ಪಂಪ್ ಅನ್ನುವುದನ್ನು ಬಿಡಿ (ಬಾರ್ ಅಂದರೆ ಒತ್ತಡದ ಅಳತೆ). ಎಸ್ಪ್ರೆಸೊ ಇಳಿಯುವುದು ಪುಡಿಯ ಮೇಲೆ ಸುಮಾರು 9 ಬಾರ್ ಒತ್ತಡ ಇದ್ದಾಗ. 15 ಅಥವಾ 19 ಅನ್ನುವುದು ಆ ಪಂಪ್ ಗರಿಷ್ಠ ಎಷ್ಟು ಒತ್ತಬಲ್ಲದು ಅನ್ನುವ ಸಂಖ್ಯೆ. ಸ್ಪೀಡೋಮೀಟರ್‌ನಲ್ಲಿ 220 ಅಂತ ಬರೆದಿರುವ ಕಾರು ದಿನಾ ಅಷ್ಟು ವೇಗದಲ್ಲಿ ಓಡುವುದಿಲ್ಲ, ಅಲ್ವಾ? 19 ಬಾರ್ ಇದ್ದ ಮಾತ್ರಕ್ಕೆ 15 ಬಾರಿಗಿಂತ ಕಾಫಿ ಚೆನ್ನಾಗಿ ಬರುವುದಿಲ್ಲ.

ಒತ್ತಡದ ಕಥೆ ಹಳೆಯದು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಮೆಷಿನ್ ಆವಿಯ ಒತ್ತಡದ ಮೇಲೆ ನಡೆಯುತ್ತಿತ್ತು, ಅದರ ಕಾಫಿಯ ಮೇಲೆ ಈಗಿನಂಥ ಕೆನೆನೊರೆ ಇರಲಿಲ್ಲ. ಅಕಿಲೆ ಗಾಜಿಯಾ ಎರಡನೇ ಮಹಾಯುದ್ಧದ ನಂತರ ತಂದ ಲಿವರ್ ಮೆಷಿನ್‌ಗಳು ನೀರನ್ನು ಜೋರಾಗಿ ಒತ್ತಿದಾಗ ಆ ನೊರೆ ಬಂತು. 1961ರ ಫಾಯೆಮಾ ಇ61 ಆ ಕೆಲಸವನ್ನು ವಿದ್ಯುತ್ ಪಂಪ್‌ಗೆ ವಹಿಸಿತು. ಬೀಜ ಹಾಕಿದರೆ ಕಾಫಿ ಕೊಡುವ ಮನೆಯ ಮೆಷಿನ್ ಬಂದದ್ದು 1985ರಲ್ಲಿ, ಸಾಯೆಕೊ ಕಂಪನಿಯ ಸೂಪರ್‌ಆಟೋಮ್ಯಾಟಿಕಾ. ಈಗಿನ ಮೆಷಿನ್‌ಗಳ ಹೊಟ್ಟೆಯೊಳಗಿನ ಕ್ರಮ ಹೆಚ್ಚುಕಡಿಮೆ ಅದೇ. ಬದಲಾದದ್ದು ಸ್ಕ್ರೀನ್ ಮತ್ತು ಹಾಲಿನ ವ್ಯವಸ್ಥೆ.

ಓದಬೇಕಾದ್ದು ಇವು. ಗರಿಷ್ಠ ಎಷ್ಟು ಗ್ರಾಂ ಪುಡಿ ಹಿಡಿಯುತ್ತದೆ. ಗ್ರೈಂಡರ್‌ಗೆ ಎಷ್ಟು ಹಂತ ಇದೆ. ಕಾಫಿಯ ಬಿಸಿಯನ್ನು ಬದಲಿಸಲು ಬರುತ್ತದಾ. ಬ್ರೂ ಯೂನಿಟ್ ಹೊರಗೆ ಬರುತ್ತದಾ. ಕಾಫಿಗೆ ಒಂದು, ಹಬೆಗೆ ಒಂದು ಅಂತ ಬೇರೆ ಬೇರೆ ಹೀಟರ್ ಇದೆಯಾ, ಇಲ್ಲ ಒಂದೇ ಹೀಟರ್ ಎರಡೂ ಕೆಲಸ ಮಾಡುತ್ತದಾ. ಒಂದೇ ಆದರೆ ಎಸ್ಪ್ರೆಸೊದಿಂದ ಹಾಲಿಗೆ ಹೋಗುವಾಗ ನೀವು ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಒಬ್ಬರೇ ಕುಡಿಯುವ ಮನೆಯಲ್ಲಿ ಗೊತ್ತಾಗುವುದಿಲ್ಲ, ನೆಂಟರು ಬಂದಾಗ ಗೊತ್ತಾಗುತ್ತದೆ.

ಗ್ರೈಂಡರ್ ಸೆರಾಮಿಕ್ಕಾ ಸ್ಟೀಲಾ ಅನ್ನುವ ಜಗಳಕ್ಕೆ ಹೋಗಬೇಡಿ. ಫಿಲಿಪ್ಸ್, ಸಾಯೆಕೊ, ಸೀಮೆನ್ಸ್ ಸೆರಾಮಿಕ್ ಬಳಸುತ್ತವೆ, ಡೆಲೊಂಗಿ, ಯೂರಾ, ಮೀಲೆ ಸ್ಟೀಲ್ ಬಳಸುತ್ತವೆ, ಎರಡು ಕಡೆಯಲ್ಲೂ ಒಳ್ಳೆಯ ಕಾಫಿ ಬರುತ್ತದೆ. ಸೆರಾಮಿಕ್ ಬೇಗ ಸವೆಯುವುದಿಲ್ಲ, ಆದರೆ ಬೀಜದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿದರೆ ಚೂರಾಗಬಹುದು. ಹಂತಗಳ ಸಂಖ್ಯೆಗಿಂತ ಮುಖ್ಯವಾದ್ದು, ಅತಿ ಸಣ್ಣ ಪುಡಿಯ ಹಂತ ನಿಜವಾಗಿಯೂ ಸಣ್ಣಗಿದೆಯಾ ಅನ್ನುವುದು. ಅದು ಕಾಗದದ ಮೇಲೆ ಗೊತ್ತಾಗುವುದಿಲ್ಲ.

ಹೆಜ್ಜೆ 4: ಅಂಗಡಿಯಲ್ಲಿ ಡೆಮೊ ಕೇಳಿ, ಕೈಯಲ್ಲಿ ತಕ್ಕಡಿ ಇರಲಿ

ಇದು ಇಡೀ ವಿಷಯದ ತಿರುಳು. ಅಂಗಡಿಯವರು ತಮ್ಮ ಇಷ್ಟಕ್ಕೆ ಡೆಮೊ ಕೊಟ್ಟರೆ ಕಪುಚಿನೊ ಮಾಡಿ ತೋರಿಸುತ್ತಾರೆ. ನೊರೆ ಚೆನ್ನಾಗಿ ಕಾಣುತ್ತದೆ, ಹಾಲಿನ ಸಿಹಿಯಲ್ಲಿ ಕಾಫಿಯ ದೋಷ ಮುಚ್ಚಿಹೋಗುತ್ತದೆ. ನೀವು ಬರೀ ಎಸ್ಪ್ರೆಸೊ ಕೇಳಿ. ಸಾಧ್ಯವಾದರೆ ನಿಮ್ಮ ಬೀಜವನ್ನೇ ತೆಗೆದುಕೊಂಡು ಹೋಗಿ: ಹುರಿದ ತಾರೀಖು ಬರೆದಿರುವ, ಹುರಿದು ಒಂದು ವಾರದಿಂದ ನಾಲ್ಕು ವಾರದೊಳಗಿನ, ಮಧ್ಯಮವಾಗಿ ಹುರಿದ ಬೀಜ. ಎಣ್ಣೆ ಹೊಳೆಯುವ ಕಡುಗಪ್ಪು ಬೀಜ ಬೇಡ. ಅದು ಗ್ರೈಂಡರ್‌ನಲ್ಲಿ ಅಂಟುತ್ತದೆ, ಸಕ್ಕರೆ ಅಥವಾ ಸುವಾಸನೆ ಲೇಪಿಸಿದ್ದು ಇನ್ನೂ ಕೆಟ್ಟದು.

0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಮೊಬೈಲಿನ ಸ್ಟಾಪ್‌ವಾಚ್, ಒಂದು ಅಡುಗೆ ಥರ್ಮಾಮೀಟರ್ ಸಾಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಅಷ್ಟು ದುಡ್ಡು ಕೊಡುವವರು ನೀವು.

ಕ್ರಮ ಹೀಗಿರಲಿ. ಎಸ್ಪ್ರೆಸೊ ಅಳತೆಯನ್ನು 40 ಮಿಲಿಲೀಟರಿಗೆ ಇಡಿ, ಸ್ಟ್ರಾಂಗ್ ಅನ್ನುವುದನ್ನು ಗರಿಷ್ಠಕ್ಕೆ ಇಡಿ. ಮೊದಲ ಕಪ್ ಚೆಲ್ಲಿಬಿಡಿ, ಅದು ಮೆಷಿನ್ ಮೈ ಬಿಸಿ ಮಾಡಿಕೊಂಡ ಕಪ್. ಆಮೇಲೆ ಸಾಲಾಗಿ ನಾಲ್ಕೈದು ಕಪ್ ಇಳಿಸಿ, ಪ್ರತಿಯೊಂದನ್ನೂ ತೂಗಿ. ಮಿಲಿಲೀಟರ್ ಗೆರೆ ನೋಡಿ ಅಳೆಯಬೇಡಿ, ನೊರೆಯಿಂದಾಗಿ ಮೋಸ ಆಗುತ್ತದೆ. ಸ್ಕ್ರೀನಿನ 40 ಮತ್ತು ತಕ್ಕಡಿಯ ಸಂಖ್ಯೆ ಒಂದೇ ಇರಬೇಕು ಅಂತಿಲ್ಲ. ಮೆಷಿನ್ ಅಳೆಯುವುದು ಒಳಗೆ ಹೋಗುವ ನೀರನ್ನು, ಅದರಲ್ಲಿ ಸ್ವಲ್ಪ ಪುಡಿಯೇ ಕುಡಿದುಕೊಳ್ಳುತ್ತದೆ. ನೋಡಬೇಕಾದ್ದು ಕಪ್‌ನಿಂದ ಕಪ್‌ಗೆ ಎಷ್ಟು ಏರುಪೇರು ಅನ್ನುವುದನ್ನು. ಎರಡು ಮೂರು ಗ್ರಾಂ ಆಚೀಚೆ ಆದರೆ ನನಗೆ ತಕರಾರಿಲ್ಲ. ಒಂದು ಕಪ್ 32, ಮುಂದಿನದು 41 ಅಂತ ಬಂದರೆ, ಅದೂ ಇಷ್ಟು ದುಬಾರಿ ಮೆಷಿನ್‌ನಲ್ಲಿ, ಅಲ್ಲಿಂದ ಎದ್ದು ಬನ್ನಿ.

ತೂಗುವಾಗಲೇ ಸಮಯವನ್ನೂ ನೋಡಿ. ಕಾಫಿಯ ಮೊದಲ ಹನಿ ಬಿದ್ದಾಗಿನಿಂದ ನಿಲ್ಲುವ ತನಕ 20ರಿಂದ 30 ಸೆಕೆಂಡ್ ಹಿಡಿದರೆ ಸರಿದಾರಿಯಲ್ಲಿದೆ. ಹತ್ತು ಸೆಕೆಂಡಿನಲ್ಲಿ ಸುರಿದುಹೋದರೆ ಪುಡಿ ತೀರಾ ದಪ್ಪ. ಆಗ ಗ್ರೈಂಡರನ್ನು ಒಂದು ಹಂತ ಸಣ್ಣಗೆ ಮಾಡಿ. ಇಲ್ಲಿ ಎರಡು ಮಾತು ನೆನಪಿರಲಿ. ಹೆಚ್ಚಿನ ಮೆಷಿನ್‌ಗಳಲ್ಲಿ ಈ ತಿರುಗುಣಿಯನ್ನು ಗ್ರೈಂಡರ್ ಓಡುತ್ತಿರುವಾಗ ಮಾತ್ರ ತಿರುಗಿಸಬೇಕು, ನಿಂತಿರುವಾಗ ಬಲವಂತ ಮಾಡಿದರೆ ಮುರಿಯಬಹುದು. ಮತ್ತೆ, ಬದಲಾವಣೆ ಕೂಡಲೇ ರುಚಿಯಲ್ಲಿ ಕಾಣುವುದಿಲ್ಲ. ಒಳಗೆ ಹಳೆಯ ಪುಡಿ ಉಳಿದಿರುತ್ತದೆ, ಎರಡು ಮೂರು ಕಪ್ ಆದಮೇಲೆ ತೀರ್ಪು ಕೊಡಿ. ತೀರಾ ಸಣ್ಣ ಹಂತದಲ್ಲಿ ಇಟ್ಟರೂ ಕಾಫಿ ಭರಭರ ಇಳಿಯುತ್ತಿದ್ದರೆ ಆ ಗ್ರೈಂಡರ್ ಎಸ್ಪ್ರೆಸೊಗೆ ಸಾಲದು ಅಂತ ಅರ್ಥ.

ಇನ್ನು ರುಚಿ. ನಾಲಿಗೆಗೆ ಚುಚ್ಚುವ ಹುಳಿ, ನೀರುನೀರು ಅನ್ನಿಸಿದರೆ ಪುಡಿಯಿಂದ ರುಚಿ ಪೂರ್ತಿ ಇಳಿದಿಲ್ಲ. ಪುಡಿ ಸಣ್ಣ ಮಾಡಿ ಅಥವಾ ಬಿಸಿ ಒಂದು ಹಂತ ಏರಿಸಿ. ಸುಟ್ಟ ಕಹಿ, ಗಂಟಲಲ್ಲಿ ಒಗರು ಉಳಿದರೆ ಜಾಸ್ತಿ ಇಳಿದಿದೆ. ನೀರು ಕಡಿಮೆ ಮಾಡಿ, ಬಿಸಿ ಇಳಿಸಿ, ಪುಡಿ ದಪ್ಪ ಮಾಡಿ, ಒಂದು ಸಲಕ್ಕೆ ಒಂದನ್ನೇ. ಎಸ್ಪ್ರೆಸೊಗೆ ನೀರಿನ ಬಿಸಿ 90ರಿಂದ 96 ಡಿಗ್ರಿ ಇರಬೇಕು ಅನ್ನುತ್ತಾರೆ, ಆದರೆ ಕಪ್‌ನಲ್ಲಿ ಅಳೆದರೆ ತುಂಬಾ ಕಡಿಮೆಯೇ ತೋರಿಸುತ್ತದೆ. ಗಾಬರಿ ಬೇಡ. ಪುಡಿ, ಕೊಳವೆ, ತಣ್ಣನೆಯ ಕಪ್ ಎಲ್ಲವೂ ಶಾಖ ಹೀರುತ್ತವೆ. ಕಪ್ಪನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಅಳೆದು ನೋಡಿ.

ಮೇಲಿನ ಕೆನೆನೊರೆ ನೋಡಿ ಮರುಳಾಗಬೇಡಿ. ನಿಜವಾದ ಕ್ರೆಮಾ, ಅಂದರೆ ಆ ಕೆನೆನೊರೆ, ಬರುವುದು ಹೊಸದಾಗಿ ಹುರಿದ ಬೀಜದೊಳಗಿನ ಕಾರ್ಬನ್ ಡೈಆಕ್ಸೈಡ್‌ನಿಂದ. ಎಷ್ಟೋ ಆಟೋಮ್ಯಾಟಿಕ್ ಮೆಷಿನ್‌ಗಳಲ್ಲಿ ಕಾಫಿ ಹೊರಗೆ ಬರುವ ದಾರಿಯಲ್ಲಿ ಒಂದು ಸ್ಪ್ರಿಂಗ್ ವಾಲ್ವ್ ಇರುತ್ತದೆ. ಅದು ಕಾಫಿಯನ್ನು ಸಣ್ಣ ಕಿಂಡಿಯಲ್ಲಿ ನುಗ್ಗಿಸಿ ನೊರೆ ಎಬ್ಬಿಸುತ್ತದೆ, ಪುಡಿ ಅಷ್ಟಕ್ಕಷ್ಟೇ ಇದ್ದರೂ ಮೇಲೆ ಹೊಂಬಣ್ಣದ ಪದರ ಕೂರುತ್ತದೆ. ಚಮಚದಲ್ಲಿ ನೊರೆ ಸರಿಸಿ, ಕೆಳಗಿನದ್ದನ್ನು ಕುಡಿದು ನೋಡಿ.

ಮತ್ತೆ ಎರಡು ಪರೀಕ್ಷೆ, ಇವು ಕಿವಿಯಿಂದ ಮತ್ತು ಕಣ್ಣಿನಿಂದ.

ಡಬಲ್ ಎಸ್ಪ್ರೆಸೊ ಒತ್ತಿ, ಗ್ರೈಂಡರ್ ಎಷ್ಟು ಸಲ ಓಡುತ್ತದೆ ಕೇಳಿಸಿಕೊಳ್ಳಿ. ಎರಡು ಸಲ ಓಡಿದರೆ ಎರಡು ಬಾರಿ ಹೊಸ ಪುಡಿ. ಒಂದೇ ಸಲ ಓಡಿ ನೀರು ಮಾತ್ರ ದುಪ್ಪಟ್ಟು ಬಿಟ್ಟರೆ ಅದು ಡಬಲ್ ಅಲ್ಲ, ಒಂದೇ ಕಾಫಿಯನ್ನು ಹಿಂಡಿದ್ದು. ಎರಡು ಕಪ್ ಒಟ್ಟಿಗೆ ಮಾಡುವಾಗಲೂ ಇದನ್ನೇ ನೋಡಿ.

ಆಮೇಲೆ ದೊಡ್ಡ ಕಪ್ ಕರಿ ಕಾಫಿ. ಅಷ್ಟೂ ನೀರನ್ನು ಅದೇ ಹತ್ತು ಗ್ರಾಂ ಪುಡಿಯ ಮೂಲಕ ಹಾಯಿಸಿದರೆ ಕೊನೆಕೊನೆಗೆ ಬರೀ ಒಗರು ಇಳಿಯುತ್ತದೆ. ಧಾರೆಯ ಬಣ್ಣ ನೋಡುತ್ತಿರಿ, ಬಿಳಿಚಿಕೊಂಡ ಮೇಲೂ ತುಂಬಾ ಹೊತ್ತು ಸುರಿಯುತ್ತಿದ್ದರೆ ಹಾಗೇ ಆಗುತ್ತಿದೆ. ಒಳ್ಳೆಯ ಮೆಷಿನ್ ಮೊದಲು ಎಸ್ಪ್ರೆಸೊ ಇಳಿಸಿ, ಬಿಸಿನೀರನ್ನು ಬೇರೆ ದಾರಿಯಿಂದ ಸೇರಿಸುತ್ತದೆ. ಹಾಲಿಲ್ಲದೆ ದೊಡ್ಡ ಕಪ್ ಕುಡಿಯುವವರು ಇದೊಂದನ್ನು ಬಿಡಲೇಬಾರದು.

ಸದ್ದಿನ ವಿಷಯ: ಅಂಗಡಿಯ ಗಲಾಟೆಯಲ್ಲಿ ಎಲ್ಲ ಮೆಷಿನ್ನೂ ಮೆತ್ತಗೇ ಕೇಳುತ್ತದೆ. ಬೆಳಿಗ್ಗೆ ಐದೂವರೆಗೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವಾಗ ಗ್ರೈಂಡರ್ ಸದ್ದು ಬೇರೆಯೇ ಕಥೆ. ಯಾವ ಮೆಷಿನ್ನೂ ಮೌನವಾಗಿ ಬೀಜ ಪುಡಿ ಮಾಡುವುದಿಲ್ಲ.

ಹೆಜ್ಜೆ 5: ಹಾಲು

ಹಾಲು ನೊರೆ ಮಾಡುವ ವ್ಯವಸ್ಥೆ ಮುಖ್ಯವಾಗಿ ಮೂರು ಥರ. ಮೆಷಿನ್ ಮುಂಭಾಗಕ್ಕೆ ಸಿಕ್ಕಿಸುವ ಜಗ್, ಡೆಲೊಂಗಿಯ ಲಾಟೆಕ್ರೆಮಾ ಥರದ್ದು, ಹಾಲಿನ ಸಮೇತ ತೆಗೆದು ಫ್ರಿಜ್‌ನಲ್ಲಿ ಇಡಬಹುದು. ಪೈಪ್ ಇಲ್ಲದೆ ಎರಡೇ ಭಾಗದಲ್ಲಿ ಬಿಚ್ಚಿಕೊಳ್ಳುವ ಡಬ್ಬಿ, ಫಿಲಿಪ್ಸ್‌ನ ಲಾಟೆಗೊ ಹಾಗೆ, ತೊಳೆಯುವುದು ಅತಿ ಸುಲಭ. ಯೂರಾ, ಮೀಲೆ ಮಾದರಿಗಳಲ್ಲಿ ಒಂದು ಸಣ್ಣ ಪೈಪ್ ಹಾಲಿನ ಪಾತ್ರೆಗೆ ಇಳಿಯುತ್ತದೆ. ಹಾಲನ್ನು ಯಾವ ಪಾತ್ರೆಯಿಂದ ಬೇಕಾದರೂ ಎಳೆಯಬಹುದು, ಆದರೆ ಪೈಪ್ ಒಳಗೆ ಕಣ್ಣಿಗೆ ಕಾಣದ ಕಡೆ ಹಾಲು ಉಳಿಯುತ್ತದೆ.

ಪರೀಕ್ಷೆಗೆ ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಾಲೇ ಬೇಕು, ತಣ್ಣಗಿದ್ದಷ್ಟು ನೊರೆ ಚೆನ್ನಾಗಿ ಕಟ್ಟುತ್ತದೆ. ಕಪ್ ತುಂಬಿದ ಮೇಲೆ ಥರ್ಮಾಮೀಟರ್ ಇಡಿ. 55ರಿಂದ 65 ಡಿಗ್ರಿ ಸರಿಯಾದ ಜಾಗ. ತುಟಿ ಸುಡುವಷ್ಟು ಬಿಸಿ ಬೇಕು ಅನ್ನುವವರಿಗೆ ಈ ಮೆಷಿನ್‌ಗಳು ನಿರಾಸೆ ಮಾಡಬಹುದು, ಹಾಲಿನ ಬಿಸಿ ಬದಲಿಸಲು ಬರುತ್ತದಾ ಕೇಳಿಕೊಳ್ಳಿ. ಒಂದು ನಿಮಿಷ ಬಿಟ್ಟು ನೊರೆ ನೋಡಿ. ನಯವಾಗಿ, ಹೊಳಪಾಗಿ ಉಳಿದಿದ್ದರೆ ಒಳ್ಳೆಯದು. ಸೋಪಿನ ಗುಳ್ಳೆಯ ಹಾಗೆ ಒಡೆಯುತ್ತಿದ್ದರೆ, ಕೆಳಗೆ ಹಾಲು ಮೇಲೆ ಒಣ ನೊರೆ ಅಂತ ಬೇರ್ಪಟ್ಟರೆ ಇಲ್ಲ. ಓಟ್ ಹಾಲು, ಸೋಯಾ ಹಾಲು ಬಳಸುವವರು ಅದನ್ನೇ ಕೊಂಡೊಯ್ದು ನೋಡಿ. ನೊರೆ ಕಟ್ಟುವುದು ಮುಖ್ಯವಾಗಿ ಪ್ರೋಟೀನ್‌ನಿಂದ, ಎಲ್ಲ ಸಸ್ಯದ ಹಾಲಿನಲ್ಲೂ ಅದು ಸಾಕಷ್ಟು ಇರುವುದಿಲ್ಲ.

ನೊರೆಯಲ್ಲಿ ಚಿತ್ರ ಬಿಡಿಸುವ ಆಸೆ ಇದ್ದರೆ ಬಟನ್ ಒತ್ತುವ ವ್ಯವಸ್ಥೆ ಬೇಡ, ಕೈಯಲ್ಲಿ ಹಿಡಿದು ಮಾಡುವ ಹಬೆಯ ಕೊಳವೆ ಇರುವ ಮಾದರಿ ಹುಡುಕಿ.

ಹೆಜ್ಜೆ 6: ಸಿಂಕಿನ ಪರೀಕ್ಷೆ

ಡೆಮೊ ಮುಗಿದ ಮೇಲೆ ಎಲ್ಲರೂ ಥ್ಯಾಂಕ್ಸ್ ಹೇಳಿ ಹೊರಡುತ್ತಾರೆ. ನೀವು ನಿಲ್ಲಿ. "ಈಗ ಇದನ್ನು ಕ್ಲೀನ್ ಮಾಡಿ ತೋರಿಸಿ" ಅನ್ನಿ. ಸಾಧ್ಯವಾದರೆ ನೀವೇ ಮಾಡಿ. ಹಾಲಿನ ಭಾಗ ಎಷ್ಟು ತುಂಡಾಗಿ ಬಿಚ್ಚುತ್ತದೆ, ಅದರಲ್ಲಿ ಬ್ರಷ್ ಹೋಗದ ಕಿಂಡಿ ಎಷ್ಟಿದೆ, ಮತ್ತೆ ಜೋಡಿಸಲು ಎಷ್ಟು ಹೊತ್ತು ಬೇಕು. ಮೆಷಿನ್ ತಾನೇ ಹಬೆ ಬಿಟ್ಟು ತೊಳೆದುಕೊಳ್ಳುತ್ತದೆ ಅನ್ನುತ್ತಾರೆ. ನಿಜ, ಆದರೆ ಅದು ಬಾಯಿ ಮುಕ್ಕಳಿಸಿದಷ್ಟೇ ಕೆಲಸ. ಹಾಲಿನ ಭಾಗಗಳನ್ನು ದಿನಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಲೇಬೇಕು.

ಇನ್ನು ಬ್ರೂ ಯೂನಿಟ್. ಡೆಲೊಂಗಿ, ಫಿಲಿಪ್ಸ್, ಸೀಮೆನ್ಸ್, ಮೀಲೆ ಮೆಷಿನ್‌ಗಳಲ್ಲಿ ಅದನ್ನು ಹೊರಗೆ ತೆಗೆದು ನಲ್ಲಿಯ ಕೆಳಗೆ ಹಿಡಿಯಬಹುದು. ಯೂರಾದ ಮನೆ ಮೆಷಿನ್‌ಗಳಲ್ಲಿ ಅದು ಒಳಗೇ ಇರುತ್ತದೆ, ಮೆಷಿನ್ ಕೇಳಿದಾಗ ಮಾತ್ರೆ ಹಾಕಿ ತೊಳೆಯುವ ಪ್ರೋಗ್ರಾಂ ಓಡಿಸಬೇಕು. ಯಾವುದು ಒಳ್ಳೆಯದು ಅಂತ ಕೇಳಿದರೆ, ವಾರಕ್ಕೊಮ್ಮೆ ತೆಗೆದು ತೊಳೆಯುವ ಶಿಸ್ತು ನಿಮಗಿದ್ದರೆ ತೆಗೆಯಬಹುದಾದದ್ದೇ ವಾಸಿ: ಕೊಳೆ ಕಣ್ಣಿಗೆ ಕಾಣುತ್ತದೆ, ಎಲ್ಲಿ ಚರಟ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತದೆ. ಶಿಸ್ತಿಲ್ಲದವರಿಗೆ ಒಳಗೇ ಇರುವುದು ಒಳ್ಳೆಯದು, ಮೆಷಿನ್ ಕಾಟ ಕೊಟ್ಟು ಮಾಡಿಸಿಕೊಳ್ಳುತ್ತದೆ. ತೆಗೆದ ಯೂನಿಟನ್ನು ಬರೀ ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಸೋಪು ಹಾಕಿದರೆ ಜಿಡ್ಡಿನ ಜೊತೆ ಜಾರುವ ಭಾಗದ ಗ್ರೀಸ್ ಕೂಡ ಹೋಗುತ್ತದೆ. ಕೆಲವು ತಿಂಗಳಿಗೊಮ್ಮೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಬೇಕು.

ಇನ್ನೊಂದು ವಿಷಯ ಕೊಂಡ ಮೇಲೆಯೇ ಗೊತ್ತಾಗುವಂಥದ್ದು. ಆನ್ ಮಾಡಿದಾಗ ಒಮ್ಮೆ, ಆಫ್ ಆಗುವಾಗ ಒಮ್ಮೆ ಮೆಷಿನ್ ತನ್ನ ಕೊಳವೆಗಳನ್ನು ತೊಳೆದುಕೊಂಡು ಆ ನೀರನ್ನು ಕೆಳಗಿನ ಟ್ರೇಗೆ ಬಿಡುತ್ತದೆ. ದಿನಕ್ಕೆ ಮೂರು ಸಲ ಆನ್ ಆಫ್ ಮಾಡುವ ಮನೆಯಲ್ಲಿ ಕಾಫಿಗಿಂತ ಟ್ರೇಯ ನೀರೇ ಜಾಸ್ತಿ ಅನ್ನಿಸುತ್ತದೆ. ಟ್ರೇ ಮತ್ತು ಚರಟದ ಡಬ್ಬಿ ಎಷ್ಟು ದೊಡ್ಡದು ಅಂತ ನೋಡಿ. ಆದರೆ ಚರಟದ ಡಬ್ಬಿ ದೊಡ್ಡದಿದೆ ಅಂತ ತುಂಬುವ ತನಕ ಕಾಯಬೇಡಿ. ಬೆಚ್ಚಗೆ, ಒದ್ದೆಯಾಗಿ, ಕತ್ತಲಲ್ಲಿ ಇರುವ ಚರಟಕ್ಕೆ ಬೂಷ್ಟು ಬರುವುದು ತಡವಾಗುವುದಿಲ್ಲ. ಊರಿಗೆ ಹೋಗುವಾಗ ಎಲ್ಲ ಖಾಲಿ ಮಾಡಿ, ಬಾಗಿಲು ತೆರೆದಿಟ್ಟು ಹೋಗಿ.

ತೊಳೆಯುವ ಮಾತ್ರೆ ಮತ್ತು ಸುಣ್ಣ ತೆಗೆಯುವ ದ್ರವ, ಇವೆರಡನ್ನು ಒಂದೇ ಅಂದುಕೊಳ್ಳುವವರು ಬಹಳ ಜನ. ಮಾತ್ರೆ ಕಾಫಿಯ ಎಣ್ಣೆ ಜಿಡ್ಡಿಗೆ, ದ್ರವ ನೀರಿನ ಬಿಳಿ ಪದರಕ್ಕೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ವಿನೆಗರ್ ಹಾಕಿದರಾಯಿತು ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ವಾಸನೆ ಬೇಗ ಹೋಗುವುದಿಲ್ಲ, ರಬ್ಬರ್ ಸೀಲ್‌ಗಳಿಗೂ ಒಳ್ಳೆಯದಲ್ಲ. ಕಂಪನಿ ಹೇಳಿದ ದ್ರವವನ್ನೇ ಹಾಕಿ.

ಹೆಜ್ಜೆ 7: ಸರ್ವೀಸ್, ವಾರಂಟಿ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ನಿಮ್ಮ ಊರಿಗೆ ಬರುವ ಸರ್ವೀಸ್ ಇದೆಯಾ, ಇಲ್ಲ ಮೆಷಿನ್ ಕಳಿಸಬೇಕಾ. ಸೀಲ್, ಬ್ರೂ ಯೂನಿಟ್, ಹಾಲಿನ ಭಾಗಗಳು ಬಿಡಿಯಾಗಿ ಸಿಗುತ್ತವಾ. ಸುಣ್ಣದಿಂದ ಆದ ಹಾನಿಯನ್ನು, ಆಫೀಸಿನಲ್ಲಿಟ್ಟು ಬಳಸಿದ್ದನ್ನು ಮನೆಬಳಕೆಯ ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ, ಆ ಸಾಲುಗಳನ್ನು ಓದಿಯೇ ಸಹಿ ಹಾಕಿ. ಅಂಗಡಿಯ ಡೆಮೊ ಮೆಷಿನ್ನೋ, ಯಾರೋ ಬಳಸಿದ್ದೋ ಕಡಿಮೆಗೆ ಸಿಗುತ್ತಿದ್ದರೆ ಮೆನುವಿನಲ್ಲಿ ಅಂಕಿಅಂಶದ ಪುಟ ತೆರೆಸಿ. ಇಲ್ಲಿಯವರೆಗೆ ಎಷ್ಟು ಕಾಫಿ ಮಾಡಿದೆ, ಎಷ್ಟು ಸಲ ಸುಣ್ಣ ತೆಗೆದಿದ್ದಾರೆ ಅನ್ನುವುದು ಹೆಚ್ಚಿನ ಮೆಷಿನ್‌ಗಳಲ್ಲಿ ಅಲ್ಲೇ ದಾಖಲಾಗಿರುತ್ತದೆ. ಸಾವಿರಾರು ಕಾಫಿ, ಸುಣ್ಣ ತೆಗೆದದ್ದು ಒಂದೇ ಸಲ ಅಂತ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹೆಜ್ಜೆ 8: ಮನೆಗೆ ಬಂದ ಮೇಲಿನ ಮೊದಲ ಕೆಲವು ದಿನ

ವಾಪಸ್ ಕೊಡುವ ಗಡುವು ಎಷ್ಟು ದಿನ ಅಂತ ಬಿಲ್ ತೆಗೆಯುವಾಗಲೇ ಕೇಳಿ, ಅದರೊಳಗೆ ಪರೀಕ್ಷೆ ಮುಗಿಸಿ. ಕಾರ್ಖಾನೆಯ ಸೆಟ್ಟಿಂಗ್ ಸಾಮಾನ್ಯವಾಗಿ ಪುಡಿ ದಪ್ಪ, ನೀರು ಜಾಸ್ತಿ. ಮೊದಲು ನೀರಿನ ಗಡಸುತನ ಸೆಟ್ ಮಾಡಿ, ಸುಣ್ಣ ತೆಗೆಯಲು ಯಾವಾಗ ನೆನಪಿಸಬೇಕು ಅನ್ನುವ ಲೆಕ್ಕ ಮೆಷಿನ್‌ಗೆ ಸಿಗುವುದು ಇದರಿಂದ. ಹೊಸ ಗ್ರೈಂಡರ್ ಖಾಲಿ ಇರುವುದರಿಂದ ಮೊದಲ ಕೆಲವು ಕಾಫಿ ನೀರಾಗಿ ಬಂದರೆ ಚಿಂತೆ ಬೇಡ. ಆಮೇಲೆ ಎಸ್ಪ್ರೆಸೊ ಅಳತೆಯನ್ನು 35-40ಕ್ಕೆ ಇಳಿಸಿ, ಪುಡಿಯನ್ನು ಒಂದೊಂದೇ ಹಂತ ಸಣ್ಣ ಮಾಡುತ್ತಾ ಬನ್ನಿ. ಕಾಫಿ ಹನಿಹನಿಯಾಗಿ ತಿಣುಕಲು ಶುರುವಾದಾಗ ಒಂದು ಹಂತ ಹಿಂದಕ್ಕೆ ಹೋಗಿ, ಅಲ್ಲೇ ನಿಲ್ಲಿಸಿ.

ಮೆಷಿನ್ ನಿಜವಾಗಿ ಎಷ್ಟು ಪುಡಿ ಹಾಕುತ್ತಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಬೀಜ ಖಾಲಿ ಅನ್ನುವ ತನಕ ಕಾಫಿ ಮಾಡಿ. ಆಮೇಲೆ ಸರಿಯಾಗಿ 100 ಗ್ರಾಂ ಬೀಜ ತೂಗಿ ಹಾಕಿ, ಸ್ಟ್ರಾಂಗ್ ಗರಿಷ್ಠದಲ್ಲಿ ಇಟ್ಟು, ಮತ್ತೆ ಖಾಲಿ ಅನ್ನುವವರೆಗೆ ಎಷ್ಟು ಕಪ್ ಬಂತು ಎಣಿಸಿ. ಒಂದೇ ದಿನ ಕುಡಿಯಬೇಕಾಗಿಲ್ಲ, ಕಾಗದದಲ್ಲಿ ಗೀಟು ಹಾಕುತ್ತಾ ಹೋಗಿ. ಎಂಟು ಕಪ್ ಬಂದರೆ ಕಪ್ಪಿಗೆ ಹನ್ನೆರಡೂವರೆ ಗ್ರಾಂ, ಒಳ್ಳೆಯ ಲೆಕ್ಕ. ಹದಿಮೂರು ಕಪ್ ಬಂದರೆ ಎಂಟು ಗ್ರಾಂ ಕೂಡ ಬೀಳುತ್ತಿಲ್ಲ, ವಿವರಪಟ್ಟಿಯ ಸಂಖ್ಯೆಗೆ ಇದು ತಾಳೆಯಾಗದಿದ್ದರೆ ಅಂಗಡಿಯವರನ್ನು ಕೇಳಲು ನಿಮ್ಮ ಕೈಯಲ್ಲಿ ಲೆಕ್ಕ ಇದೆ.

ಚರಟದ ಬಿಲ್ಲೆ ಒದ್ದೆಯಾಗಿ ಬೀಳುತ್ತಿದೆ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಬಿಲ್ಲೆ ಸ್ವಲ್ಪ ಒದ್ದೆ ಇದ್ದರೂ ಕಾಫಿ ಚೆನ್ನಾಗಿದ್ದರೆ ಬಿಟ್ಟುಬಿಡಿ. ಕೆಸರಿನ ಹಾಗೆ ಬಿದ್ದು ಯೂನಿಟ್‌ಗೆಲ್ಲ ಮೆತ್ತಿಕೊಂಡರೆ ಮಾತ್ರ ಪುಡಿಯ ಹಂತವನ್ನೂ ಪ್ರಮಾಣವನ್ನೂ ಮತ್ತೆ ನೋಡಿ. ಬೀಜದ ಡಬ್ಬಕ್ಕೆ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಹಾಕಿ, ಉಳಿದದ್ದು ಗಾಳಿಯಾಡದ ಡಬ್ಬಿಯಲ್ಲಿರಲಿ. ಮೆಷಿನ್ ಬಿಸಿಯ ಪಕ್ಕದಲ್ಲಿ ವಾರಗಟ್ಟಲೆ ಕೂತ ಬೀಜಕ್ಕೆ ಘಮ ಉಳಿಯುವುದಿಲ್ಲ.

ರಟ್ಟಿನ ಡಬ್ಬ, ಒಳಗಿನ ಥರ್ಮಾಕೋಲ್ ಎರಡನ್ನೂ ವಾರಂಟಿ ಮುಗಿಯುವ ತನಕ ಅಟ್ಟದ ಮೇಲೆ ಎಸೆದಿಡಿ. ಹತ್ತು ಹನ್ನೆರಡು ಕೆಜಿ ತೂಕದ ಮೆಷಿನ್ನನ್ನು ಸರ್ವೀಸ್‌ಗೆ ಕಳಿಸಬೇಕಾಗಿ ಬಂದರೆ ಅದಕ್ಕೆ ಸರಿಹೊಂದುವ ಬೇರೆ ಡಬ್ಬ ಸಿಗುವುದು ಕಷ್ಟ. ಕಳಿಸುವ ಮುಂಚೆ ಟ್ಯಾಂಕ್, ಟ್ರೇ ಖಾಲಿ ಮಾಡಿ, ಒಳಗಿನ ನೀರು ಹೊರಹಾಕುವ ಪ್ರೋಗ್ರಾಂ ಮೆನುವಿನಲ್ಲಿ ಇದ್ದರೆ ಅದನ್ನೂ ಒಮ್ಮೆ ಓಡಿಸಿ.